ಒಬ್ಬ ಮೇಲ್ವಿಚಾರಕ, ಹಲವು ಯಂತ್ರ: ಬಿನ್ನಿಪೇಟೆಯ ಮಗ್ಗದಿಂದ ಪೀಣ್ಯದ ಉಪಗ್ರಹದವರೆಗೆ ಮುಖ್ಯಾಂಶಗಳು

ಬಿನ್ನಿಪೇಟೆಯಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಾಗಿ ವಿಜಯನಗರದ ಕೋಚಿಂಗಿಗೆ ಹೋಗಿಬರುವವರು ವಿಜ್ಞಾನ ಮತ್ತು ತಂತ್ರಜ್ಞಾನದ ಪಟ್ಟಿಯಲ್ಲಿ ಡ್ರೋನನ್ನು ಒಂದು ಕಡೆ, ಚಂದ್ರಯಾನವನ್ನು ಇನ್ನೊಂದು ಕಡೆ, ಮೆಟ್ರೊವನ್ನು ಮತ್ತೊಂದು ಕಡೆ ಬರೆದುಕೊಂಡಿರುತ್ತಾರೆ. ಮೂರರ ಒಳಗಿರುವ ಪ್ರಶ್ನೆ ಒಂದೇ: ಯಂತ್ರ ತಾನೇ ಯೋಜನೆ ಹಾಕಿಕೊಂಡು ಓಡುವಾಗ ಅದನ್ನು ನೋಡಿಕೊಳ್ಳುವ ಮನುಷ್ಯನ ಕೆಲಸವೇನು, ಒಬ್ಬನಿಗೆ ಎಷ್ಟು ಯಂತ್ರ ಒಪ್ಪಿಸಬಹುದು? ಉತ್ತರವಾಗಿ ಒಂದು ಸಂಖ್ಯೆ ಬರೆದರೆ ಅಂಕ ಸಿಗುವುದಿಲ್ಲ. ಯಂತ್ರಗಳು ಸಹಾಯಕ್ಕೆ ಎಷ್ಟು ಸಲ ಕೂಗುತ್ತವೆ, ಎಲ್ಲವೂ ಒಟ್ಟಿಗೆ ಕೂಗುತ್ತವೆಯೇ ಎಂಬುದರ ಮೇಲೆ ಉತ್ತರ ನಿಂತಿದೆ.

ಮೂಲ ಪರಿಕಲ್ಪನೆ

• ಮಾನವರಹಿತ ವಾಹನ ಎಂದರೆ ಡ್ರೋನ್ ಮಾತ್ರವಲ್ಲ. ಉಪಗ್ರಹ, ಚಂದ್ರನ ಮೇಲಿನ ರೋವರ್, ಚಾಲಕನಿಲ್ಲದ ರೈಲು, ಕಾರು, ನೀರೊಳಗಿನ ವಾಹನ ಎಲ್ಲವೂ ಸೇರುತ್ತವೆ.

• ಮೇಲ್ವಿಚಾರಣಾ ನಿಯಂತ್ರಣ: ಮನುಷ್ಯ ಸ್ಟೀರಿಂಗ್ ಹಿಡಿಯುವುದಿಲ್ಲ. ಗುರಿ ಕೊಡುತ್ತಾನೆ, ನಡೆಯುವುದನ್ನು ಗಮನಿಸುತ್ತಾನೆ, ಬೇಕಾದಾಗ ಕೈಹಾಕುತ್ತಾನೆ, ಆದದ್ದರಿಂದ ಕಲಿಯುತ್ತಾನೆ.

• ಸ್ವಯಂಚಾಲಿತ ಯೋಜಕ: ಯಾವ ವಾಹನ ಯಾವ ಕೆಲಸಕ್ಕೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುವ ತಂತ್ರಾಂಶ. ಪರಿಸ್ಥಿತಿ ಬದಲಾದರೆ ಮತ್ತೆ ಲೆಕ್ಕ ಹಾಕುತ್ತದೆ. ಇದು ಮರುಯೋಜನೆ.

• 1978: ಎಂಐಟಿಯ ಥಾಮಸ್ ಶೆರಿಡನ್ ಮತ್ತು ವಿಲಿಯಂ ವರ್‌ಪ್ಲಾಂಕ್ ಸ್ವಯಂಚಾಲನೆಯ 10 ಹಂತಗಳನ್ನು ಗುರುತಿಸಿದರು. ನೀರೊಳಗೆ ಕೆಲಸ ಮಾಡುವ ದೂರನಿಯಂತ್ರಿತ ಯಂತ್ರಗಳ ಅಧ್ಯಯನದಿಂದ ಹುಟ್ಟಿದ ಪಟ್ಟಿ ಇದು. ಹತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ, ನಾಲ್ಕು ಸಾಕು. 1ನೇ ಹಂತದಲ್ಲಿ ಎಲ್ಲವೂ ಮನುಷ್ಯನದೇ. 5ನೇ ಹಂತದಲ್ಲಿ ಯಂತ್ರ ಸೂಚಿಸುತ್ತದೆ, ಮನುಷ್ಯ ಒಪ್ಪಿದರೆ ಮಾತ್ರ ಮಾಡುತ್ತದೆ. 6ನೇ ಹಂತದಲ್ಲಿ ಬೇಡ ಎನ್ನಲು ಸ್ವಲ್ಪ ಸಮಯ ಕೊಟ್ಟು, ಯಾರೂ ತಡೆಯದಿದ್ದರೆ ಮಾಡಿಬಿಡುತ್ತದೆ. 10ನೇ ಹಂತದಲ್ಲಿ ಮನುಷ್ಯನನ್ನು ಕೇಳುವುದೇ ಇಲ್ಲ.

• 5 ಮತ್ತು 6ರ ನಡುವಿನ ಗೆರೆ ಮುಖ್ಯ. ಮೊದಲನೆಯದರಲ್ಲಿ ಸುಮ್ಮನಿದ್ದರೆ ಕೆಲಸ ನಿಲ್ಲುತ್ತದೆ, ಎರಡನೆಯದರಲ್ಲಿ ಸುಮ್ಮನಿದ್ದರೆ ಕೆಲಸ ನಡೆದುಹೋಗುತ್ತದೆ. ಆಡಳಿತದ ಕಡತಗಳ ಬಗ್ಗೆ ಓದಿರುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

• 1983: ಲಿಸಾನ್ ಬೈನ್‌ಬ್ರಿಜ್ ಬರೆದ ‘ಸ್ವಯಂಚಾಲನೆಯ ವ್ಯಂಗ್ಯಗಳು’ ಎಂಬ ಅರ್ಥದ ಪ್ರಬಂಧ. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಷ್ಟದ್ದನ್ನು ಮನುಷ್ಯನಿಗೆ ಉಳಿಸುತ್ತೇವೆ. ದಿನವೂ ಮಾಡದ ಕೆಲಸದಲ್ಲಿ ಅವನ ಕೈ ಪಳಗಿರುವುದಿಲ್ಲ. ತುರ್ತು ಬಂದಾಗ ಮಾತ್ರ ಅವನೇ ಬೇಕು. ನೈತಿಕತೆಯ ಪತ್ರಿಕೆಯಲ್ಲಿ ಹೊಣೆಗಾರಿಕೆಯ ಪ್ರಶ್ನೆಗೂ ಇದು ಒದಗುತ್ತದೆ.

ಬಿನ್ನಿಪೇಟೆಗೆ ಇದರ ಸಂಬಂಧ

1884ರಲ್ಲಿ ಶುರುವಾದ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು, ಬಡಾವಣೆಗೂ ಅದೇ ಹೆಸರು ನಿಂತಿತು. ಮಿಲ್ಲು ಮುಚ್ಚಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ‘ಒಬ್ಬನಿಗೆ ಎಷ್ಟು ಯಂತ್ರ’ ಎಂಬ ಲೆಕ್ಕ ಡ್ರೋನ್ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ಜವಳಿ ಗಿರಣಿಯಂಥ ಕಡೆಗಳಲ್ಲಿ ಮೊದಲು ಎದ್ದದ್ದು. ಹಲವು ಮಗ್ಗಗಳನ್ನು ಒಬ್ಬರೇ ನೋಡಿಕೊಳ್ಳುವಾಗ ಒಂದರಲ್ಲಿ ನೂಲು ಕಡಿಯುತ್ತದೆ. ಅದನ್ನು ಕಟ್ಟುವಷ್ಟರಲ್ಲಿ ಇನ್ನೊಂದೂ ನಿಂತರೆ ಎರಡನೆಯದು ಕಾಯಬೇಕು. ಹೀಗೆ ಒಂದು ಯಂತ್ರದ ರಿಪೇರಿಯಿಂದ ಇನ್ನೊಂದು ಯಂತ್ರ ಸುಮ್ಮನೆ ನಿಲ್ಲುವುದನ್ನು ಕೈಗಾರಿಕಾ ಗಣಿತದಲ್ಲಿ ಯಂತ್ರ ಅಡಚಣೆ ಎನ್ನುತ್ತಾರೆ. ಟೆಲಿಫೋನ್ ಕರೆಗಳ ದಟ್ಟಣೆಯನ್ನು ಲೆಕ್ಕ ಹಾಕುತ್ತಿದ್ದ ಸ್ವೀಡನ್ನಿನ ಕಾನಿ ಪಾಲ್ಮ್ 1947ರಲ್ಲಿ, ಇಂಗ್ಲೆಂಡಿನಲ್ಲಿ ಆಶ್‌ಕ್ರಾಫ್ಟ್ 1950ರಲ್ಲಿ ಇದಕ್ಕೆ ಗಣಿತ ಕಟ್ಟಿಕೊಟ್ಟರು. ಇಂದು ಡ್ರೋನ್ ಮೇಲ್ವಿಚಾರಕನ ಪರದೆಯ ಮುಂದೆ ಸಾಲುಗಟ್ಟುವ ಸೂಚನೆಗಳಿಗೂ ಅದೇ ಗಣಿತ, ಅಂದರೆ ಸಾಲು-ಸಿದ್ಧಾಂತ, ಅನ್ವಯಿಸುತ್ತದೆ.

• 1924: ಜಪಾನಿನ ಸಾಕಿಚಿ ಟೊಯೋಡಾ ಅವರ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ. ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ಆದ್ದರಿಂದ ಪ್ರತಿ ಮಗ್ಗದ ಮುಂದೆ ಒಬ್ಬರು ಕಣ್ಣಿಟ್ಟು ನಿಲ್ಲಬೇಕಿರಲಿಲ್ಲ. ಟೊಯೋಟಾ ಕಾರಿನ ಕಂಪನಿ ಈ ತತ್ವವನ್ನು ‘ಜಿಡೋಕಾ’ ಎಂದು ಉಳಿಸಿಕೊಂಡಿದೆ. ನೂರು ವರ್ಷ ಕಳೆದರೂ ಒಬ್ಬನಿಗೆ ಹೆಚ್ಚು ಯಂತ್ರ ಒಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬಂದಂತಿಲ್ಲ: ಯಂತ್ರಕ್ಕೆ ತನ್ನ ತಪ್ಪು ತನಗೇ ಗೊತ್ತಾಗಬೇಕು, ಗೊತ್ತಾದೊಡನೆ ಅದು ನಿಲ್ಲಬೇಕು.

ಲೆಕ್ಕ: ಒಬ್ಬನಿಗೆ ಎಷ್ಟು?

• 2003: ಓಲ್ಸನ್ ಮತ್ತು ಗುಡ್‌ರಿಚ್ ಕೊಟ್ಟ ಸೂತ್ರ.
ವಾಹನಗಳ ಸಂಖ್ಯೆ = (ಬಿಟ್ಟಿರಬಹುದಾದ ಸಮಯ ÷ ಗಮನ ಕೊಡಬೇಕಾದ ಸಮಯ) + 1

• ಬಿಟ್ಟಿರಬಹುದಾದ ಸಮಯ ಎಂದರೆ ಯಾರೂ ನೋಡದಿದ್ದರೂ ವಾಹನ ಸರಿಯಾಗಿ ಕೆಲಸ ಮಾಡುತ್ತಿರುವ ಅವಧಿ. ಯೋಜಕ ಜಾಣನಾದಷ್ಟೂ ಇದು ಹೆಚ್ಚುತ್ತದೆ.

• ಉದಾಹರಣೆ: 8 ನಿಮಿಷ ಬಿಟ್ಟಿರಬಹುದು, 2 ನಿಮಿಷ ಗಮನ ಬೇಕು. 8÷2+1 = 5 ವಾಹನ.

• ತಿದ್ದುಪಡಿ: ಮಿಸ್ಸಿ ಕಮ್ಮಿಂಗ್ಸ್ ಮತ್ತು ಸಂಗಡಿಗರು ಛೇದದಲ್ಲಿ ಕಾಯುವ ಸಮಯವನ್ನೂ ಸೇರಿಸಿದರು. ಮೇಲಿನ ಉದಾಹರಣೆಯಲ್ಲೇ 2 ನಿಮಿಷ ಕಾಯುವಿಕೆ ಸೇರಿದರೆ 8÷4+1 = 3. ಐದು ವಾಹನ ನೋಡಿಕೊಳ್ಳುತ್ತಿದ್ದವನ ಕೈಯಲ್ಲಿ ಮೂರು ಉಳಿಯಿತು. ಯಂತ್ರ ಕೆಟ್ಟದ್ದಲ್ಲ, ಮನುಷ್ಯ ಸೋಮಾರಿಯಾದದ್ದೂ ಅಲ್ಲ, ಕಾಯುವಿಕೆ ಲೆಕ್ಕಕ್ಕೆ ಬಂತು ಅಷ್ಟೆ.

• ಕಾಯುವಿಕೆ ಮೂರು ಬಗೆ: ಮನುಷ್ಯ ಯೋಚಿಸುವಾಗ ಆ ವಾಹನ ಕಾಯುವುದು, ಅವನು ಬೇರೊಂದರಲ್ಲಿ ಮುಳುಗಿರುವುದರಿಂದ ಸಾಲಿನಲ್ಲಿ ಕಾಯುವುದು, ತನಗೆ ಸಹಾಯ ಬೇಕೆಂಬುದೇ ಅವನ ಗಮನಕ್ಕೆ ಬಾರದೆ ಕಾಯುವುದು. ಮೂರನೆಯದು ಅತ್ಯಂತ ದುಬಾರಿ.

• ಮೇಲ್ವಿಚಾರಕ ತನ್ನ ಸಮಯದ ಸುಮಾರು 70%ಗಿಂತ ಹೆಚ್ಚು ಕಾಲ ಕೈತುಂಬ ಕೆಲಸದಲ್ಲಿದ್ದರೆ ಅವನ ಸಾಮರ್ಥ್ಯ ಕುಸಿಯುತ್ತದೆ ಎಂಬುದು ಈ ಕ್ಷೇತ್ರದ ರೂಢಿಯ ಗೆರೆ. ತೀರ ಕಡಿಮೆ ಕೆಲಸವೂ ಅಪಾಯವೇ: ಬೇಸರ ಬಂದು ಕಣ್ಣು ಪರದೆಯಿಂದ ಜಾರುತ್ತದೆ.

• 2010ರ ಎಂಐಟಿ ಪ್ರಯೋಗ: ಹಲವು ಬಗೆಯ ಮಾನವರಹಿತ ವಾಹನಗಳ ಸಿಮ್ಯುಲೇಟರಿನಲ್ಲಿ, ಹೊಸ ಯೋಜನೆಯನ್ನು ನೋಡಿ ಎಂದು ಮೇಲ್ವಿಚಾರಕನಿಗೆ ಬೇರೆ ಬೇರೆ ವೇಗದಲ್ಲಿ ಸೂಚನೆ ಕೊಡಲಾಯಿತು. ಸೂಚನೆ ಬೇಗಬೇಗ ಬಂದಷ್ಟೂ ಹೊರೆ ಹೆಚ್ಚಿ ಒಟ್ಟು ಫಲಿತಾಂಶ ಕೆಟ್ಟಿತು. ಯಾವಾಗ ಒಪ್ಪಬೇಕು ಎಂಬುದರಲ್ಲಿ ಯೋಜಕನ ಜೊತೆ ಹೊಂದಿಕೊಳ್ಳದವರು ಹಿಂದೆ ಬಿದ್ದರು, ವಿಡಿಯೊ ಗೇಮ್ ಆಡಿ ಅಭ್ಯಾಸವಿದ್ದವರು ಯೋಜಕನ ಜೊತೆ ಹೆಚ್ಚು ಹೊಂದಿಕೊಂಡು ಚೆನ್ನಾಗಿ ಮಾಡಿದರು. ಗೇಮ್ ಆಡಬೇಡ ಎಂದು ಮನೆಯಿಂದ ಫೋನ್ ಬಂದರೆ ಇದನ್ನು ಹೇಳಬಹುದು, ಪರೀಕ್ಷೆಯಲ್ಲಿ ಮಾತ್ರ ಬೇಡ.

• ಒಟ್ಟಿಗೆ ಕೂಗಿದ ದಿನ: 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಿದ್ಯುತ್ ಕಡಿತವಾಗಿ ಸಿಗ್ನಲ್ ದೀಪಗಳು ಆರಿದವು. ಅಂಥ ಸರ್ಕಲ್ ದಾಟುವುದು ವೇಮೋ ಕಂಪನಿಯ ಚಾಲಕರಹಿತ ಕಾರುಗಳಿಗೆ ಗೊತ್ತಿತ್ತು. ಆದರೆ ಖಚಿತಪಡಿಸಿಕೊಳ್ಳಲು ಕೆಲವು ಸಲ ದೂರದಲ್ಲಿ ಕುಳಿತ ಮನುಷ್ಯರನ್ನು ಕೇಳುತ್ತಿದ್ದವು. ದಿನವೂ ಅಲ್ಲೊಂದು ಇಲ್ಲೊಂದು ಬರುತ್ತಿದ್ದ ಕೇಳಿಕೆ ಅಂದು ಒಮ್ಮೆಲೇ ನುಗ್ಗಿತು, ಉತ್ತರ ತಡವಾಯಿತು, ಕಾರುಗಳು ರಸ್ತೆಯಲ್ಲೇ ನಿಂತವು. ಸರಾಸರಿ ನೋಡಿ ಸಿಬ್ಬಂದಿ ಲೆಕ್ಕ ಹಾಕಿದರೆ ಹೀಗಾಗುತ್ತದೆ.

ಪೀಣ್ಯ: ಎರಡು ಉಪಗ್ರಹ, ಒಂದು ಕೊಠಡಿ

ಬಿನ್ನಿಪೇಟೆಯಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಪೀಣ್ಯ. ಈ ವಿಷಯಕ್ಕೆ ಕರ್ನಾಟಕದ ಅತಿ ಒಳ್ಳೆಯ ಉದಾಹರಣೆ ಅಲ್ಲೇ ಇದೆ.

• ಇಸ್ಟ್ರಾಕ್: ಇಸ್ರೊದ ದೂರಮಾಪನ, ಜಾಡುಹಿಡಿತ ಮತ್ತು ಆದೇಶ ಜಾಲ. ಕೇಂದ್ರ ಬೆಂಗಳೂರಿನ ಪೀಣ್ಯ. ಭೂಮಿಗೆ ಹತ್ತಿರದ ಕಕ್ಷೆಯ ಉಪಗ್ರಹಗಳ ಮತ್ತು ಚಂದ್ರ, ಮಂಗಳ ಯಾನಗಳ ನಿಯಂತ್ರಣ ಇದರದು.

• ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ಬೇರೆ. 1982ರಿಂದ ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ, ಭೋಪಾಲದಲ್ಲಿ ಇನ್ನೊಂದು ಇದೆ. ಹಾಸನ–ಪೀಣ್ಯ ಅದಲುಬದಲು ಮಾಡಿ ಕೇಳುವುದು ಹಳೆಯ ಬಲೆ.

• ಬ್ಯಾಲಾಳು: ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಒಳಗೆ ಹೋದರೆ ಸಿಗುವ ಊರು. ಇಲ್ಲಿ ದೂರ ಅಂತರಿಕ್ಷ ಜಾಲದ 18 ಮೀಟರ್ ಮತ್ತು 32 ಮೀಟರ್ ಅಡ್ಡಳತೆಯ ಆಂಟೆನಾಗಳಿವೆ. 2008ರ ಚಂದ್ರಯಾನ-1ಕ್ಕಾಗಿ ಸಜ್ಜಾದವು.

ಇಸ್ರೊದ ಸ್ಪೇಡೆಕ್ಸ್, ಅಂದರೆ ಎರಡು ಉಪಗ್ರಹಗಳನ್ನು ಕಕ್ಷೆಯಲ್ಲೇ ಕೂಡಿಸುವ ಪ್ರಯೋಗವನ್ನು, ಸ್ವಲ್ಪ ನಿಧಾನವಾಗಿ ಓದಿ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್ ಸುಮಾರು 220 ಕೆಜಿಯ ಎರಡು ಉಪಗ್ರಹಗಳನ್ನು 475 ಕಿಮೀ ಎತ್ತರದ ಕಕ್ಷೆಗೆ ಬಿಟ್ಟಿತು. ಎಸ್‌ಡಿಎಕ್ಸ್-01 ಬೆನ್ನಟ್ಟುವುದು, ಎಸ್‌ಡಿಎಕ್ಸ್-02 ಗುರಿ. ಅವು ಒಂದರ ಹತ್ತಿರ ಇನ್ನೊಂದು ಬಂದು, ಸೆಕೆಂಡಿಗೆ ಸುಮಾರು 10 ಮಿಮೀ ವೇಗದಲ್ಲಿ ಕೂಡಿಕೊಳ್ಳಬೇಕಿತ್ತು. ಭೂಮಿಯಿಂದ ಜಾಯ್‌ಸ್ಟಿಕ್ ಹಿಡಿದು ಮಾಡುವ ಕೆಲಸ ಇದಲ್ಲ. ಉಪಗ್ರಹದೊಳಗಿನ ಗಣಕವೇ ಅಂತರ ಅಳೆದು, ವೇಗ ಸರಿಹೊಂದಿಸಿ ಮುಂದೆ ಸಾಗಬೇಕು. ಆದರೂ ಮನುಷ್ಯರನ್ನು ಹೊರಗಿಡಲಿಲ್ಲ. 5 ಕಿಮೀ, 1.5 ಕಿಮೀ, 500 ಮೀ, 225 ಮೀ, 15 ಮೀ, 3 ಮೀ ಹೀಗೆ ತಂಗುದಾಣಗಳನ್ನು ಗೊತ್ತುಮಾಡಿದ್ದರು. ಪ್ರತಿ ತಂಗುದಾಣದಲ್ಲೂ ನಿಂತು, ಅಂಕಿಅಂಶ ನೋಡಿ, ಸರಿಯೆನಿಸಿದರೆ ಮುಂದಕ್ಕೆ. ಮೇಲೆ ಹೇಳಿದ 5ನೇ ಹಂತದ ಜೀವಂತ ರೂಪ ಇದು.

ಜನವರಿ ಮೊದಲ ವಾರದ ಕೂಡಿಕೆ ಮುಂದಕ್ಕೆ ಹೋಯಿತು. 225 ಮೀಟರಿಗೆ ಬರುವ ಯತ್ನದಲ್ಲಿ ನಿರೀಕ್ಷೆಗಿಂತ ಹೆಚ್ಚು ತೇಲಾಟ ಕಂಡಿತು. ಜನವರಿ 12ರಂದು 15 ಮೀಟರ್, ಆಮೇಲೆ 3 ಮೀಟರ್‌ವರೆಗೆ ಬಂದು ಹಿಂದೆ ಸರಿಸಿದರು, ಅಂಕಿಅಂಶ ಕೂಲಂಕಷವಾಗಿ ನೋಡಿದರು. ಟಿವಿಯ ಮುಂದೆ ಕುಳಿತವರಿಗೆ ಸೋಲಿನಂತೆ ಕಂಡ ಆ ದಿನವೇ ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯುತ್ತಮ ದಿನ. 2025ರ ಜನವರಿ 16ರಂದು ಎರಡೂ ಕೂಡಿದವು. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ಭಾರತ ನಾಲ್ಕನೆಯದಾಯಿತು. ಕೂಡಿದ ಮೇಲೆ ಎರಡನ್ನೂ ಒಂದೇ ವಸ್ತುವಿನಂತೆ ನಿಯಂತ್ರಿಸಿದ್ದೂ ಸಾಧನೆಯ ಭಾಗ.

• ಬೇರ್ಪಡಿಕೆ: 13 ಮಾರ್ಚ್ 2025.

• ಎರಡನೆಯ ಕೂಡಿಕೆ: 20 ಏಪ್ರಿಲ್ 2025. ಮೊದಲ ಸಲ 3 ಮೀಟರಿನಲ್ಲಿ ಇದ್ದ ತಂಗುದಾಣ ಈ ಸಲ ಇರಲಿಲ್ಲ. 15 ಮೀಟರಿನಿಂದ ಕೂಡುವವರೆಗೆ ಉಪಗ್ರಹಗಳು ಪೂರ್ತಿ ಸ್ವಾಯತ್ತ. ಒಂದು ಸಲ ಕಣ್ಣಾರೆ ಕಂಡು ನಂಬಿಕೆ ಹುಟ್ಟಿದ ಮೇಲೆ ಒಂದು ಮೆಟ್ಟಿಲಷ್ಟು ಅಧಿಕಾರ ಬಿಟ್ಟುಕೊಟ್ಟರು. ಮುಖ್ಯ ಪರೀಕ್ಷೆಯಲ್ಲಿ ‘ನಂಬಿಕೆಗೆ ತಕ್ಕ ಸ್ವಾಯತ್ತತೆ’ ಎಂದು ಬರೆಯಬೇಕಾದಾಗ ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕಬೇಡಿ.

• ಮರುದಿನ, ಒಂದು ಉಪಗ್ರಹದಿಂದ ಇನ್ನೊಂದಕ್ಕೆ ವಿದ್ಯುತ್ ಹರಿಸಿದ ಪ್ರಯೋಗವೂ ಯಶಸ್ವಿ.

• ಡಿಕ್ಕಿ ತಪ್ಪಿಸುವ ಕೆಲಸ: ಇಸ್ರೊದ ಸುರಕ್ಷಿತ ಮತ್ತು ಸುಸ್ಥಿರ ಅಂತರಿಕ್ಷ ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಐಎಸ್‌ಫೋರ್‌ಓಎಂ, ಬೆಂಗಳೂರಿನಲ್ಲಿ 2022ರ ಜುಲೈ 11ರಂದು ಶುರುವಾಯಿತು. 2023ರಲ್ಲಿ ಭಾರತದ ಉಪಗ್ರಹಗಳ ಸಮೀಪ ಏನೋ ಹಾದುಹೋಗಲಿದೆ ಎಂಬ ಎಚ್ಚರಿಕೆಗಳು ಅಮೆರಿಕದಿಂದ ಸುಮಾರು 1 ಲಕ್ಷ ಬಂದವು, ನಿಜವಾಗಿ ಪಥ ಬದಲಿಸಿದ್ದು 23 ಸಲ. ಲಕ್ಷವನ್ನು ಮನುಷ್ಯ ಒಂದೊಂದಾಗಿ ಓದಲಾರ. ಇಪ್ಪತ್ತಮೂರನ್ನು ಯಂತ್ರದ ಪಾಲಿಗೇ ಬಿಡಲೂ ಆಗದು, ಇಂಧನ ಖರ್ಚಾಗುತ್ತದೆ, ಉಪಗ್ರಹದ ಆಯುಸ್ಸು ಕಡಿಮೆಯಾಗುತ್ತದೆ.

ಚಂದ್ರಯಾನ-3: ಬಿಟ್ಟುಕೊಡುವುದು, ಹಿಂದಕ್ಕೆ ಪಡೆಯುವುದು

• ಉಡಾವಣೆ 14 ಜುಲೈ 2023, ಇಳಿದದ್ದು 23 ಆಗಸ್ಟ್ 2023ರ ಸಂಜೆ 6.04ಕ್ಕೆ.

• ಸಂಜೆ 5.44ರ ಹೊತ್ತಿಗೆ ಸ್ವಯಂಚಾಲಿತ ಇಳಿಕೆ ಕ್ರಮ ಶುರುವಾಯಿತು. ಅಲ್ಲಿಂದ ಮುಂದೆ ಪೀಣ್ಯದ ಕೊಠಡಿಯಲ್ಲಿದ್ದವರು ನೋಡಬಹುದಿತ್ತು, ನಡೆಸುವಂತಿರಲಿಲ್ಲ. ಸಂಕೇತ ಒಂದು ದಿಕ್ಕಿಗೆ ಹೋಗಲೇ ಸುಮಾರು 1.3 ಸೆಕೆಂಡು ಬೇಕು. ಇಳಿಕೆಯ ಕೊನೆಯ ಘಟ್ಟದಲ್ಲಿ ಅದು ಬಹಳ ಹೊತ್ತು.

• ಚಂದ್ರಯಾನ-2ರ ಲ್ಯಾಂಡರ್ ವಿಕ್ರಂ 2019ರ ಸೆಪ್ಟೆಂಬರ್ 7ರಂದು ವಿಫಲವಾಯಿತು. ಅದಕ್ಕೆ ಗೊತ್ತುಮಾಡಿದ್ದ ಜಾಗ 500 ಮೀ × 500 ಮೀ. ಚಂದ್ರಯಾನ-3ಕ್ಕೆ ಅದನ್ನು 4 ಕಿಮೀ × 2.4 ಕಿಮೀಗೆ ಹಿಗ್ಗಿಸಿದರು. ಯೋಜಕನಿಗೆ ಇಕ್ಕಟ್ಟಿನ ಗುರಿ ಕೊಟ್ಟರೆ ಸಣ್ಣ ತಪ್ಪನ್ನು ಸರಿಪಡಿಸಿಕೊಳ್ಳಲು ಜಾಗವಿರುವುದಿಲ್ಲ. ಸ್ವಯಂಚಾಲನೆಯ ಪೆಡಸುತನ ಎಂದು ಶಾಸ್ತ್ರದಲ್ಲಿ ಕರೆಯುವುದು ಇದನ್ನೇ.

• ಪ್ರಜ್ಞಾನ್ ರೋವರ್: 26 ಕೆಜಿ, 6 ಚಕ್ರ, ಸೆಕೆಂಡಿಗೆ 1 ಸೆಂಮೀ ವೇಗ. 2023ರ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಭೂಮಿಯಿಂದ ಆದೇಶ ಹೋಯಿತು, ಹೊಸ ದಾರಿ ಹಿಡಿಯಿತು. ಇಳಿಯುವಾಗ ಪೂರ್ತಿ ಯಂತ್ರ, ನಡೆಯುವಾಗ ಮನುಷ್ಯ: ಒಂದೇ ಯಾನದಲ್ಲಿ ಎರಡು ಹಂತ. ಸಮಯ ಕಡಿಮೆಯಿದ್ದಾಗ ಯಂತ್ರಕ್ಕೆ, ಯೋಚಿಸಲು ಬಿಡುವಿದ್ದಾಗ ಮನುಷ್ಯನಿಗೆ.

ಮನೆ ಬಾಗಿಲಲ್ಲೇ: ಮೆಟ್ರೊ

• ನೇರಳೆ ಮಾರ್ಗ ಸಿಟಿ ರೈಲು ನಿಲ್ದಾಣದವರೆಗೆ ನೆಲದಡಿಯಲ್ಲಿದ್ದು, ಬಿನ್ನಿಪೇಟೆಯ ಮಗ್ಗುಲಲ್ಲಿ ಮೇಲೇರಿ ಮಾಗಡಿ ರಸ್ತೆಯ ಎತ್ತರದ ನಿಲ್ದಾಣ ಸೇರುತ್ತದೆ. ಮಾಗಡಿ ರಸ್ತೆ–ಮೈಸೂರು ರಸ್ತೆ ಭಾಗ ನವೆಂಬರ್ 2015ರಲ್ಲಿ, ಸುರಂಗ ಭಾಗ ಏಪ್ರಿಲ್ 2016ರಲ್ಲಿ, ಕೆಂಗೇರಿವರೆಗೆ ಆಗಸ್ಟ್ 2021ರಲ್ಲಿ, ಚಲ್ಲಘಟ್ಟದವರೆಗೆ 9 ಅಕ್ಟೋಬರ್ 2023ರಂದು ಶುರು.

• ರೈಲಿನ ಸ್ವಯಂಚಾಲನೆಗೆ ನಾಲ್ಕು ಶ್ರೇಣಿ. 1: ಚಾಲಕ ಓಡಿಸುತ್ತಾನೆ, ಯಂತ್ರ ಅಪಾಯ ತಡೆಯುತ್ತದೆ. 2: ಯಂತ್ರ ಓಡಿಸುತ್ತದೆ, ಚಾಲಕ ಮುಂದೆ ಕುಳಿತಿರುತ್ತಾನೆ. 3: ಚಾಲಕನಿಲ್ಲ, ಬೋಗಿಯಲ್ಲಿ ಒಬ್ಬ ಸಹಾಯಕ ಇರುತ್ತಾನೆ. 4: ಯಾರೂ ಇಲ್ಲ, ನಿಯಂತ್ರಣ ಕೊಠಡಿಯೇ ಎಲ್ಲ. ಶೆರಿಡನ್ ಪಟ್ಟಿಯ 10 ಹಂತಕ್ಕೂ ಈ 4 ಶ್ರೇಣಿಗೂ ಗಂಟು ಹಾಕಬೇಡಿ.

• ಹಳದಿ ಮಾರ್ಗ: ಆರ್.ವಿ. ರಸ್ತೆ–ಬೊಮ್ಮಸಂದ್ರ, 19.15 ಕಿಮೀ, 16 ನಿಲ್ದಾಣ, ಉದ್ಘಾಟನೆ 10 ಆಗಸ್ಟ್ 2025. ಸಂವಹನ ಆಧಾರಿತ ರೈಲು ನಿಯಂತ್ರಣ ಇರುವುದರಿಂದ ಚಾಲಕರಿಲ್ಲದೆ ಓಡುವ ಸಾಮರ್ಥ್ಯವಿದೆ, ಆದರೆ ಚಾಲಕರನ್ನಿಟ್ಟುಕೊಂಡೇ ಶುರುಮಾಡಿದರು. ‘ಸಾಮರ್ಥ್ಯವಿದೆ’ ಮತ್ತು ‘ಹಾಗೆಯೇ ಓಡುತ್ತಿದೆ’ ಎರಡೂ ಒಂದೇ ಎಂದು ಪತ್ರಿಕೆಗಳು ಬರೆದುಬಿಡುತ್ತವೆ.

• ದೇಶದ ಮೊದಲ ಚಾಲಕರಹಿತ ಮೆಟ್ರೊ ಸೇವೆ: ದೆಹಲಿಯ ಮಜೆಂಟಾ ಮಾರ್ಗ, 28 ಡಿಸೆಂಬರ್ 2020.

ಡ್ರೋನ್: ನಿಯಮ ಮತ್ತು ಹಿಂಡು

• ಡ್ರೋನ್ ನಿಯಮಗಳು, 2021: ಆಗಸ್ಟ್ 25ರಿಂದ ಜಾರಿ.

• ತೂಕದ ವರ್ಗ: ನ್ಯಾನೊ 250 ಗ್ರಾಂವರೆಗೆ, ಮೈಕ್ರೊ 2 ಕೆಜಿವರೆಗೆ, ಸಣ್ಣ 25 ಕೆಜಿವರೆಗೆ, ಮಧ್ಯಮ 150 ಕೆಜಿವರೆಗೆ, ಅದಕ್ಕೂ ಮೇಲೆ ದೊಡ್ಡದು.

• ವಾಯುವಲಯ: ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ 400 ಅಡಿವರೆಗೆ ಮುಂಚಿತ ಅನುಮತಿ ಬೇಡ. ವಲಯಗಳ ನಕ್ಷೆ ಡಿಜಿಟಲ್ ಸ್ಕೈ ವೇದಿಕೆಯಲ್ಲಿ.

• ನಿಯಮಗಳು ದೂರದಿಂದ ಮನುಷ್ಯ ಹಾರಿಸುವ ವಿಮಾನವನ್ನೂ ಸ್ವಾಯತ್ತ ವಿಮಾನವನ್ನೂ ಬೇರೆ ಬೇರೆ ಉಪವರ್ಗವಾಗಿ ಗುರುತಿಸುತ್ತವೆ.

• ಹಿಂಡು ಡ್ರೋನ್: 2021ರ ಜನವರಿ 15ರ ಸೇನಾ ದಿನದಂದು ದೆಹಲಿಯಲ್ಲಿ ಭೂಸೇನೆ 75 ಡ್ರೋನುಗಳ ಹಿಂಡನ್ನು ಪ್ರದರ್ಶಿಸಿತು. ಅದರ ಹಿಂದಿದ್ದದ್ದು ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಕಂಪನಿ. ಹಿಂಡಿನಲ್ಲಿ ಯಾರೂ ಒಂದೊಂದು ಡ್ರೋನನ್ನು ಹಾರಿಸುವುದಿಲ್ಲ. ಅವು ತಮ್ಮಲ್ಲೇ ಕೆಲಸ ಹಂಚಿಕೊಳ್ಳುತ್ತವೆ, ಮನುಷ್ಯ ಇಡೀ ಹಿಂಡಿಗೆ ಗುರಿ ಕೊಡುತ್ತಾನೆ. ಒಂದು ಡ್ರೋನ್ ಬಿದ್ದರೆ ಉಳಿದವು ಮತ್ತೆ ಹಂಚಿಕೊಳ್ಳಬೇಕು. ಯೋಜನೆ ಒಂದೇ ಕಡೆ ಇರದೆ ಎಲ್ಲದರಲ್ಲೂ ಹರಡಿರುವುದರಿಂದ ಇದು ವಿಕೇಂದ್ರಿತ ಯೋಜನೆ.

ಅದಲುಬದಲಾಗುವ ಜೋಡಿಗಳು

• ಸ್ಪೇಡೆಕ್ಸ್ ಉಡಾವಣೆ 2024, ಕೂಡಿಕೆ 2025.

• ಯಂತ್ರದ ಮೇಲೆ ಅತಿನಂಬಿಕೆ: ಅದು ಹೇಳಿದ್ದನ್ನು ಪರಿಶೀಲಿಸದೆ ಒಪ್ಪುವುದು. ಅಪನಂಬಿಕೆ: ಸರಿಯಿದ್ದದ್ದನ್ನೂ ತಿರಸ್ಕರಿಸಿ ಕೈಯಾರೆ ಮಾಡಹೋಗುವುದು. ಎರಡೂ ತಪ್ಪುಗಳೇ.

• ಇಸ್ಟ್ರಾಕ್ ಪೀಣ್ಯ, ಆಂಟೆನಾ ಬ್ಯಾಲಾಳು, ಭೂಸ್ಥಿರ ಉಪಗ್ರಹ ಹಾಸನ, ಉಡಾವಣೆ ಶ್ರೀಹರಿಕೋಟಾ. ಇವುಗಳಲ್ಲಿ ಕರ್ನಾಟಕದ್ದಲ್ಲದ್ದು ಕೊನೆಯದೊಂದೇ.